ಮೂಳೆ ಮುರಿದಿಲ್ಲ, ಆದರೆ ಕೈ ಏಳುತ್ತಿಲ್ಲ: ದೋಟಿ ಹಿಡಿಯುವ ಭುಜದ ಒಂದು ಪ್ರಕರಣ

ಶಿರಸಿ ಸೀಮೆಯ ಕೊನೆಗೌಡರೊಬ್ಬರು. ವಯಸ್ಸು 54, ಬಲಗೈ ರೂಢಿ. ಮೂವತ್ತು ವರ್ಷ ಅಡಿಕೆ ಮರ ಹತ್ತಿ ಕೊನೆ (ಗೊನೆ) ಇಳಿಸಿದವರು, ನಾಲ್ಕು ವರ್ಷದಿಂದ ಮರ ಹತ್ತುವುದನ್ನು ಬಿಟ್ಟು ಕಾರ್ಬನ್ ಫೈಬರ್ ದೋಟಿ ಹಿಡಿದಿದ್ದಾರೆ: ನೆಲದಲ್ಲೇ ನಿಂತು ಕೊನೆ ಕೊಯ್ಯಲು, ಮದ್ದು ಹೊಡೆಯಲು ತುಂಡು ತುಂಡಾಗಿ ಉದ್ದ ಮಾಡಿಕೊಳ್ಳುವ ಕೋಲು. ಎಂಟು ವರ್ಷದಿಂದ ಸಕ್ಕರೆ ಕಾಯಿಲೆಗೆ ಮಾತ್ರೆ ನಡೆಯುತ್ತಿದೆ. ದಿನಕ್ಕೆ ಆರೇಳು ಬೀಡಿ. ಇದು ಮಾದರಿ ಪ್ರಕರಣ: ತಲೆಯ ಮೇಲೆ ಕೈಯೆತ್ತಿ ದುಡಿಯುವವರ ಭುಜದಲ್ಲಿ ಸಾಮಾನ್ಯವಾಗಿ ಕಾಣುವ ಸಂಗತಿಗಳನ್ನು ಒಬ್ಬ ವ್ಯಕ್ತಿಯಲ್ಲಿ ಕೂಡಿಸಿ ಬರೆದದ್ದು. ಅಳತೆಗಳೂ ಕ್ರಮವೂ ಆಸ್ಪತ್ರೆಯಲ್ಲಿ ನಡೆಯುವಂಥವೇ.

ಜುಲೈ ಕೊನೆಯ ವಾರ, ಮಳೆ ಹೊಳವಾದ ಒಂದು ಮಧ್ಯಾಹ್ನ. ಕೊಳೆ ರೋಗಕ್ಕೆ ಎರಡನೇ ಮದ್ದು ಹೊಡೆಯುವ ಸಮಯ. ಮೊದಲ ಬೋರ್ಡೋ (ಮೈಲುತುತ್ತ-ಸುಣ್ಣದ ದ್ರಾವಣ) ಸಿಂಪಡಣೆ ಮಳೆಗಾಲದ ಆರಂಭಕ್ಕೆ, ಎರಡನೆಯದು ಅದಾಗಿ 40–45 ದಿನಕ್ಕೆ. ಹೊಳವು ಸಿಕ್ಕಾಗಲೇ ಮುಗಿಸಬೇಕಾದ್ದರಿಂದ ಯಾರೂ ನಿಧಾನ ಮಾಡುವುದಿಲ್ಲ. ಒಂದು ಮರದಿಂದ ಇನ್ನೊಂದಕ್ಕೆ ಪೂರ್ತಿ ಉದ್ದ ಬಿಚ್ಚಿದ ದೋಟಿಯನ್ನು ನಿಲ್ಲಿಸಿಕೊಂಡೇ ನಡೆಯುವಾಗ ಪಾಚಿಗಟ್ಟಿದ ಕಾಲುವೆ ಅಂಚಿನಲ್ಲಿ ಕಾಲು ಜಾರಿತು. ದೋಟಿ ವಾಲಿತು. ಅದು ಬೀಳದಂತೆ ಬಲಗೈಯಲ್ಲಿ ಹಿಡಿದು ಎಳೆದರು. ಭುಜದೊಳಗೆ ಚಟ್ಟೆಂದಿತು. ಅಲ್ಲಿಂದ ಕೈ ಎದೆಯ ಮಟ್ಟಕ್ಕೂ ಏಳಲಿಲ್ಲ.

ಆ ರಾತ್ರಿ ಎಣ್ಣೆ ಹಚ್ಚಿ ನೀವಿದ್ದಾಯಿತು. ಮರುದಿನ ಹತ್ತಿರದ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದು, ಮೂಳೆ ಮುರಿದಿಲ್ಲ, ಉಳುಕಿದೆ ಎಂದು ಹೇಳಿ ಕೈಜೋಳಿಗೆ ಹಾಕಿ ನೋವಿನ ಮಾತ್ರೆ ಕೊಟ್ಟು ಕಳಿಸಿದರು. ಮೂರು ವಾರದ ಹೊತ್ತಿಗೆ ನೋವು ಅರ್ಧಕ್ಕಿಳಿಯಿತು. ಐದೂವರೆ ವಾರ ಕಳೆದು ಮೂಳೆ ತಜ್ಞರ ಮುಂದೆ ಕೂತಾಗ ಅವರು ಹೇಳಿದ್ದು ಇಷ್ಟೇ: “ಡಾಕ್ಟ್ರೇ, ನೋವು ಈಗ ಅಷ್ಟಿಲ್ಲ. ಕೈಯೇ ಮೇಲೆ ಬರ್ತಿಲ್ಲ.”

ರೋಗನಿರ್ಣಯದ ಮುಕ್ಕಾಲು ಪಾಲು ಈ ಎರಡು ವಾಕ್ಯದಲ್ಲೇ ಇತ್ತು. ಉಳುಕಾಗಿದ್ದರೆ ನೋವು ಇಳಿದಂತೆ ಕೈ ಏಳಬೇಕಿತ್ತು. ನೋವು ಇಳಿದೂ ಕೈ ಏಳದಿದ್ದರೆ ಎತ್ತುವ ಹಗ್ಗವೇ ಕಡಿದಿದೆಯೇ ಎಂದು ನೋಡಬೇಕು. ಆ ಹಗ್ಗ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ.

ಹರಿದದ್ದು ಯಾವುದು

ನಿಂಬೆಹಣ್ಣು-ಚಮಚದ ಓಟ ನೆನಪಿಸಿಕೊಳ್ಳಿ. ತೋಳುಮೂಳೆಯ ತುದಿಯ ಗುಂಡು ನಿಂಬೆಹಣ್ಣು, ಹೆಗಲೆಲುಬಿನ ಸಣ್ಣ ಗುಳಿ ಚಮಚ. ಯಾವ ಕ್ಷಣದಲ್ಲಿ ನೋಡಿದರೂ ಗುಂಡಿನ ಕಾಲು ಭಾಗದಿಂದ ಮೂರನೇ ಒಂದು ಭಾಗ ಮಾತ್ರ ಗುಳಿಗೆ ತಾಗಿರುತ್ತದೆ. ಸೊಂಟದ ಕೀಲಿನಂತೆ ಆಳವಾದ ಬಟ್ಟಲು ಇಲ್ಲಿಲ್ಲ. ಭುಜ ಎಲ್ಲ ದಿಕ್ಕಿಗೂ ತಿರುಗುವುದು ಇದರಿಂದ, ಜಾರುವ ಅಪಾಯವೂ ಇದರಿಂದಲೇ. ಗುಂಡನ್ನು ಗುಳಿಯ ನಡುವೆ ಒತ್ತಿ ಹಿಡಿಯುವ ಕೆಲಸ ನಾಲ್ಕು ಸ್ನಾಯುಗಳದು: ಮೇಲೆ ಸುಪ್ರಾಸ್ಪೈನೇಟಸ್, ಹಿಂದೆ ಇನ್‌ಫ್ರಾಸ್ಪೈನೇಟಸ್ ಮತ್ತು ಟೆರೆಸ್ ಮೈನರ್, ಮುಂದೆ ಸಬ್‌ಸ್ಕ್ಯಾಪುಲ್ಯಾರಿಸ್. ನಾಲ್ಕರ ಸ್ನಾಯುರಜ್ಜುಗಳೂ (ಸ್ನಾಯುವನ್ನು ಮೂಳೆಗೆ ಕಟ್ಟುವ ಹಗ್ಗಗಳು) ಗುಂಡಿನ ಸುತ್ತ ಅಂಗಿಯ ಪಟ್ಟಿಯಂತೆ ಕೂಡಿಕೊಳ್ಳುತ್ತವೆ. ರೊಟೇಟರ್ ಕಫ್ ಎಂದರೆ ಇದೇ.

ಹೊರಗೆ ಕಾಣುವ ದಪ್ಪ ಡೆಲ್ಟಾಯ್ಡ್ ಸ್ನಾಯು ಕೈಯೆತ್ತುವ ಬಲವನ್ನೇನೋ ಕೊಡುತ್ತದೆ. ಆದರೆ ಅದೊಂದೇ ಎಳೆದರೆ ಗುಂಡು ಮೇಲಕ್ಕೆ ಜಾರಿ ಭುಜದ ಮೇಲಿನ ಮೂಳೆಯ ಸೂರಿಗೆ ಹೋಗಿ ಗುದ್ದುತ್ತದೆ. ಕಫ್ ಗುಂಡನ್ನು ಕೆಳಗೆ ಒತ್ತಿ ಹಿಡಿದಾಗಲಷ್ಟೇ ಅದೇ ಎಳೆತ ತೋಳನ್ನು ಎತ್ತುತ್ತದೆ. ಆದ್ದರಿಂದ ಕಫ್ ಹರಿದವರು ಕೈಯೆತ್ತಲು ಹೋದರೆ ತೋಳಿನ ಬದಲು ಇಡೀ ಹೆಗಲು ಕಿವಿಯ ಕಡೆಗೆ ಏರುತ್ತದೆ. ಈ ರೋಗಿಯಲ್ಲೂ ಹಾಗೇ ಆಯಿತು. ಅಂಗಿ ತೆಗೆಸಿ ಹಿಂದಿನಿಂದ ನೋಡದೆ ಇದು ಗೊತ್ತಾಗುವುದಿಲ್ಲ.

ಅಪಘಾತಕ್ಕೆ ಮೊದಲೂ ಈ ಭುಜ ಪೂರ್ತಿ ಚೆನ್ನಾಗಿರಲಿಲ್ಲ. ಮೂರು ಹಂಗಾಮುಗಳಿಂದ ಕೊನೆಕೊಯ್ಲಿನ ತಿಂಗಳುಗಳಲ್ಲಿ ರಟ್ಟೆಯ ಹೊರಮಗ್ಗುಲಲ್ಲಿ ನೋವು. ಬಲಕ್ಕೆ ಹೊರಳಿ ಮಲಗಿದರೆ ಎಚ್ಚರ. ಗೂಟಕ್ಕೆ ಅಂಗಿ ಸಿಕ್ಕಿಸುವಾಗ, ಕೈ ಅರ್ಧ ಎತ್ತರದಲ್ಲಿದ್ದಾಗ ಚಳುಕು, ಅದನ್ನು ದಾಟಿ ಮೇಲೆ ಹೋದರೆ ಕಡಿಮೆ. 60ರಿಂದ 120 ಡಿಗ್ರಿ ನಡುವಿನ ಈ ನೋವು ಕಫ್ ಸವೆಯುತ್ತಿರುವುದರ ಹಳೆಯ ಗುರುತು. ನೋವು ಭುಜದ ತುದಿಗಿಂತ ಒಂದು ಗೇಣು ಕೆಳಗೆ, ರಟ್ಟೆಯ ಪಕ್ಕದಲ್ಲಿ ಕಾಣಿಸುವುದರಿಂದ ಜನ ಅಲ್ಲೇ ಮುಲಾಮು ತಿಕ್ಕುತ್ತಾರೆ. ತೊಂದರೆಯ ಜಾಗ ಅದಲ್ಲ.

ಪರೀಕ್ಷೆಯ ಮೇಜಿನ ಮೇಲೆ

ತಾನಾಗಿ ಮುಂದಕ್ಕೆ ಎತ್ತಿದ್ದು 60 ಡಿಗ್ರಿ. ಮಲಗಿಸಿ ವೈದ್ಯರು ಎತ್ತಿದಾಗ 165. ಎಲ್ಲಕ್ಕಿಂತ ಮುಖ್ಯವಾದ ಅಳತೆ ಈ ಅಂತರ. ತಾನೂ ಎತ್ತಲಾಗದೆ, ಬೇರೆಯವರು ಎತ್ತಿದರೂ ಏಳದಿದ್ದರೆ ಕೀಲಿನ ಚೀಲವೇ ಬಿಗಿದುಕೊಂಡ ಫ್ರೋಜನ್ ಶೋಲ್ಡರ್ ಅಥವಾ ಸಂಧಿವಾತ. ಬೇರೆಯವರು ಎತ್ತಿದರೆ ಸಲೀಸಾಗಿ ಏಳುವ ಕೈ ತಾನಾಗಿ ಏಳದಿದ್ದರೆ ಕಫ್ ಹರಿದಿದೆ, ಇಲ್ಲವೇ ನರಕ್ಕೆ ಪೆಟ್ಟಾಗಿದೆ. ಸಕ್ಕರೆ ಕಾಯಿಲೆಯವರಲ್ಲಿ ಫ್ರೋಜನ್ ಶೋಲ್ಡರ್ ಹೆಚ್ಚು ಎಂಬುದು ಎಲ್ಲರಿಗೂ ಗೊತ್ತಿರುವುದರಿಂದ “ಶುಗರ್ ಇದೆಯಲ್ಲ, ಅದೇ ಇರಬೇಕು” ಎಂದು ತೀರ್ಮಾನಿಸಿಬಿಡುವುದುಂಟು. ಅದಕ್ಕೆ ಒಂದು ಸುಲಭದ ತಡೆಯಿದೆ. ಮೊಣಕೈಯನ್ನು ಪಕ್ಕೆಗೆ ಅಂಟಿಸಿ, 90 ಡಿಗ್ರಿ ಮಡಚಿ, ಮುಂಗೈಯನ್ನು ಹೊರಕ್ಕೆ ತಿರುಗಿಸಿ ನೋಡುವುದು. ಫ್ರೋಜನ್ ಶೋಲ್ಡರಿನಲ್ಲಿ ಈ ತಿರುಗು ಮೊದಲು ಕಟ್ಟುತ್ತದೆ. ಇಲ್ಲಿ ಎರಡೂ ಕಡೆ 60 ಡಿಗ್ರಿ, ಸಮ.

ಇನ್ನು ಒಂದೊಂದೇ ಸ್ನಾಯು. ಹೆಬ್ಬೆರಳು ಕೆಳಗೆ ಮಾಡಿ ಕೈಯನ್ನು ಭುಜದ ಮಟ್ಟದಲ್ಲಿ ಸ್ವಲ್ಪ ಮುಂದಕ್ಕೆ ಹಿಡಿಸಿ ಮೇಲಿನಿಂದ ಎರಡು ಬೆರಳಿನಲ್ಲಿ ಒತ್ತಿದರೆ ಸಾಕು, ಬಿದ್ದುಹೋಯಿತು: ಸುಪ್ರಾಸ್ಪೈನೇಟಸ್. ಮುಂಗೈಯನ್ನು ಪೂರ್ತಿ ಹೊರಕ್ಕೆ ತಿರುಗಿಸಿಟ್ಟು ಹಾಗೇ ಹಿಡಿದುಕೊಳ್ಳಿ ಎಂದು ಬಿಟ್ಟಾಗ 15 ಡಿಗ್ರಿ ಒಳಕ್ಕೆ ಜಾರಿತು: ಹರಿತ, ಅಂದರೆ ರಜ್ಜು ಹರಿದ ಜಾಗ, ಇನ್‌ಫ್ರಾಸ್ಪೈನೇಟಸ್ಸಿನ ಮುಂಭಾಗಕ್ಕೂ ಚಾಚಿರಬಹುದು. ಅಂಗೈಯಿಂದ ಹೊಟ್ಟೆಯನ್ನು ಒತ್ತಿ ಮೊಣಕೈ ಮುಂದೆ ನಿಲ್ಲಿಸುವುದು ಸಾಧ್ಯವಾಯಿತು: ಮುಂದಿನ ಸಬ್‌ಸ್ಕ್ಯಾಪುಲ್ಯಾರಿಸ್ ಗಟ್ಟಿಯಿದೆ. ಡೆಲ್ಟಾಯ್ಡ್ ಬಿಗಿಯಾಗುತ್ತಿತ್ತು, ಅದರ ಮೇಲಿನ ಚರ್ಮದಲ್ಲಿ ಸ್ಪರ್ಶವೂ ಇತ್ತು, ಹಾಗಾಗಿ ಅದಕ್ಕೆ ಹೋಗುವ ಆಕ್ಸಿಲರಿ ನರ ಸುರಕ್ಷಿತ. ಕತ್ತು ತಿರುಗಿಸಿ ಒತ್ತಿದಾಗ ಕೈಗೆ ಜುಮ್ಮು ಇಳಿಯಲಿಲ್ಲ. ಮೊಣಕೈ ದಾಟಿ ಬೆರಳಿನವರೆಗೆ ಜುಮುಜುಮು ಇಳಿದರೆ ಕತ್ತಿನ ನರದ ಕಡೆ ನೋಡಬೇಕು. ಎಡಭುಜದ ನೋವು ನಡೆದಾಗ, ಏರು ಹತ್ತಿದಾಗ ಬಂದು ನಿಂತಾಗ ಹೋಗುತ್ತಿದ್ದರೆ, ಬೆವರು ಮತ್ತು ಎದೆಬಿಗಿತ ಜೊತೆಗಿದ್ದರೆ, ಭುಜವನ್ನು ಬಿಟ್ಟು ಮೊದಲು ಇಸಿಜಿ.

ಕಡೆಯದಾಗಿ ಒಂದು ಅನುಮಾನ ಉಳಿಯುತ್ತದೆ: ಕೈ ಏಳದಿರುವುದು ಹರಿತದಿಂದಲೋ, ನೋವಿಗೆ ಹೆದರಿ ಸ್ನಾಯು ಸುಮ್ಮನಾಗಿರುವುದರಿಂದಲೋ? ಇದಕ್ಕೆ ಭುಜದ ಸೂರಿನ ಕೆಳಗಿನ ಜಾಗಕ್ಕೆ ಮರಗಟ್ಟಿಸುವ ಔಷಧ ಲಿಗ್ನೋಕೇನ್ (1 ಶೇಕಡಾ) 5 ಮಿಲಿ ಚುಚ್ಚಿ, ಹತ್ತು ನಿಮಿಷ ಬಿಟ್ಟು ಮತ್ತೆ ಎತ್ತಿಸಲಾಯಿತು. ನೋವು ಪೂರ್ತಿ ಹೋಯಿತು. ಕೈ 75 ಡಿಗ್ರಿಗೇ ನಿಂತಿತು. ಮರಗಟ್ಟಿಸಿದ ಮೇಲೆ ಬಲ ಮರಳಿದ್ದರೆ ವಿಷಯ ಬೇರೆಯಾಗುತ್ತಿತ್ತು.

ಜೊತೆಗೇ ಸ್ಟೀರಾಯ್ಡ್ ಯಾಕೆ ಕೊಡಲಿಲ್ಲ ಎಂದು ಮನೆಯವರು ಕೇಳಿದರು, ಊರಿನಲ್ಲಿ ಇನ್ನೊಬ್ಬರಿಗೆ ಅದರಿಂದಲೇ ವಾಸಿಯಾಗಿತ್ತಂತೆ. ಹರಿಯದ, ಊದಿಕೊಂಡ ಕಫ್‌ಗೆ 40 ಮಿಲಿಗ್ರಾಂ ಟ್ರಯಾಮ್ಸಿನೊಲೋನ್ ಒಂದು ಸಲ ಕೊಟ್ಟರೆ ಕೆಲವು ವಾರ ನೋವು ತಗ್ಗುತ್ತದೆ, ಅಷ್ಟರಲ್ಲಿ ವ್ಯಾಯಾಮ ಶುರು ಮಾಡಬಹುದು. ಅದರ ಉಪಯೋಗ ಅಷ್ಟು. ಇಲ್ಲಿ ಶಸ್ತ್ರಚಿಕಿತ್ಸೆಯ ಸಾಧ್ಯತೆ ಎದುರಿಗಿತ್ತು. ಅದಕ್ಕೆ ಹಿಂದಿನ ಒಂದು ತಿಂಗಳಲ್ಲಿ ಸ್ಟೀರಾಯ್ಡ್ ಚುಚ್ಚಿದರೆ ಸೋಂಕಿನ ಅಪಾಯ ಏರುತ್ತದೆ, ಪದೇ ಪದೇ ಚುಚ್ಚಿದರೆ ರಜ್ಜು ಇನ್ನಷ್ಟು ಮೆತ್ತಗಾಗುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ ಇಂಜೆಕ್ಷನ್ ಆದ ಕೆಲವು ದಿನ ರಕ್ತದ ಸಕ್ಕರೆಯೂ ಏರಿರುತ್ತದೆ.

ಚಿತ್ರಗಳು

ಎಕ್ಸ್‌ರೇ ಮತ್ತೆ ತೆಗೆದರು, ಈ ಸಲ ಸರಿಯಾದ ಕೋನಗಳಲ್ಲಿ. ಗುಂಡಿಗೂ ಮೇಲಿನ ಮೂಳೆಗೂ ನಡುವೆ 8 ಮಿಲಿಮೀಟರ್. 7ಕ್ಕಿಂತ ಕಡಿಮೆಯಾದರೆ ಗುಂಡು ಮೇಲಕ್ಕೆ ಏರಿದೆ, ಹರಿತ ದೊಡ್ಡದು ಮತ್ತು ಹಳೆಯದು ಎಂಬ ಶಂಕೆ. ರಜ್ಜು ಅಂಟುವ ಮೂಳೆಯ ಉಬ್ಬಿನಲ್ಲಿ ಸ್ವಲ್ಪ ಒರಟು: ಮೂರು ಹಂಗಾಮಿನ ಸವೆತದ ಗುರುತು.

ಪೂರ್ತಿ ಹರಿತವನ್ನು ಪತ್ತೆ ಮಾಡಲು ಕೈಪಳಗಿದವರ ಅಲ್ಟ್ರಾಸೌಂಡ್ ಸಾಕು. ಹಣವೂ ಕಡಿಮೆ, ಕೈ ಆಡಿಸುತ್ತಲೇ ನೋಡಬಹುದು. ಇಲ್ಲಿ ಅದರಲ್ಲೇ ಹರಿತ ಕಂಡಿತು. ಎಂಆರ್‌ಐ ಬೇಕಾದದ್ದು ಸ್ನಾಯು ಎಷ್ಟು ಉಳಿದಿದೆ ಎಂದು ತಿಳಿಯಲು. ವರದಿ ಹೀಗಿತ್ತು: ಸುಪ್ರಾಸ್ಪೈನೇಟಸ್ ಪೂರ್ತಿ ದಪ್ಪಕ್ಕೆ ಹರಿದಿದೆ, ಮುಂದಿನಿಂದ ಹಿಂದಕ್ಕೆ 2.5 ಸೆಂಟಿಮೀಟರ್. ಇನ್‌ಫ್ರಾಸ್ಪೈನೇಟಸ್ಸಿನ ಮುಂದಿನ ಅಂಚೂ ಸೇರಿದೆ. ಹರಿದ ತುದಿ ಗುಂಡಿನ ನಡುಮಟ್ಟಕ್ಕೆ ಹಿಂಸರಿದಿದೆ. ಕೊಬ್ಬು ಗೂಟಾಲಿಯೆ ಅಳತೆಯಲ್ಲಿ 1ನೇ ದರ್ಜೆ.

ಕಡೆಯ ಸಾಲೇ ಎಲ್ಲಕ್ಕಿಂತ ಭಾರವಾದದ್ದು. ರಜ್ಜು ಹರಿದು ಎಳೆತ ತಪ್ಪಿದ ಸ್ನಾಯು ಕ್ರಮೇಣ ಬಡಕಲಾಗುತ್ತದೆ, ಅದರ ಎಳೆಗಳ ನಡುವೆ ಕೊಬ್ಬು ಕೂರುತ್ತದೆ. 0 ಎಂದರೆ ಕೊಬ್ಬಿಲ್ಲ, 1 ಎಂದರೆ ಅಲ್ಲೊಂದು ಇಲ್ಲೊಂದು ಗೆರೆ, 2 ಎಂದರೆ ಕೊಬ್ಬಿದ್ದರೂ ಸ್ನಾಯುವೇ ಹೆಚ್ಚು, 3 ಎಂದರೆ ಸಮಸಮ, 4 ಎಂದರೆ ಸ್ನಾಯುವಿಗಿಂತ ಕೊಬ್ಬೇ ಹೆಚ್ಚು. ಮೂರು ನಾಲ್ಕಕ್ಕೆ ಹೋದ ಮೇಲೆ ರಜ್ಜನ್ನು ಮೂಳೆಗೆ ಹೊಲಿದರೂ ಅಂಟುವುದು ಕಷ್ಟ, ಅಂಟಿದರೂ ಎಳೆಯಲು ಸ್ನಾಯುವೇ ಉಳಿದಿರುವುದಿಲ್ಲ. ಒಮ್ಮೆ ಕೂತ ಕೊಬ್ಬು ಹೊಲಿದ ಮೇಲೂ ಕರಗುವುದಿಲ್ಲ. ಈ ರೋಗಿಯಲ್ಲಿ ಸ್ನಾಯು ಇನ್ನೂ ಬದುಕಿತ್ತು. “ಮೂಳೆ ಮುರಿದಿಲ್ಲ” ಎಂಬ ಸಮಾಧಾನದಲ್ಲಿ ಮುಂದಿನ ಮಳೆಗಾಲದವರೆಗೆ ಕಾದಿದ್ದರೆ ಈ ಸಾಲು ಹೀಗೇ ಇರುತ್ತಿತ್ತು ಎನ್ನುವಂತಿಲ್ಲ.

ಹೊಲಿಯಬೇಕೇ

ಕಫ್ ಹರಿದವರೆಲ್ಲರಿಗೂ ಶಸ್ತ್ರಚಿಕಿತ್ಸೆ ಬೇಡ. ಅರವತ್ತು ದಾಟಿದವರಲ್ಲಿ ನೋವೇ ಇಲ್ಲದ ಹರಿತಗಳೂ ಸಾಮಾನ್ಯ, ಬೇರೆ ಕಾರಣಕ್ಕೆ ಸ್ಕ್ಯಾನ್ ಮಾಡಿದಾಗ ಕಾಣುತ್ತವೆ. ಪೆಟ್ಟಿಲ್ಲದೆ ಸವೆದು ಹರಿದ ಕಫ್‌ಗೆ ಮೊದಲ ಚಿಕಿತ್ಸೆ ವ್ಯಾಯಾಮ. ಅಮೆರಿಕದಲ್ಲಿ ಇಂಥ 452 ಮಂದಿಯನ್ನು ವ್ಯಾಯಾಮಕ್ಕೆ ಹಚ್ಚಿ ಗಮನಿಸಿದ, 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎರಡು ವರ್ಷದೊಳಗೆ ಶಸ್ತ್ರಚಿಕಿತ್ಸೆಗೆ ಹೋದವರು ಕಾಲು ಭಾಗಕ್ಕಿಂತ ಕಡಿಮೆ. ಹರಿಯದೆ ಬರೀ ನೋಯುವ ಭುಜದಲ್ಲಿ ಮೇಲಿನ ಮೂಳೆಯನ್ನು ಕೆರೆದು ಜಾಗ ಮಾಡುವ ಶಸ್ತ್ರಚಿಕಿತ್ಸೆ ಒಂದು ಕಾಲಕ್ಕೆ ಬಹಳ ನಡೆಯುತ್ತಿತ್ತು. ಅದು ಕ್ಯಾಮೆರಾ ಹಾಕಿ ನೋಡಿ ಸುಮ್ಮನೆ ಬಿಡುವುದಕ್ಕಿಂತ ಹೆಚ್ಚಿನ ಉಪಕಾರವನ್ನೇನೂ ಮಾಡುವುದಿಲ್ಲ ಎಂದು 2018ರಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ರಯೋಗ ತೋರಿಸಿತು.

ಈ ಪ್ರಕರಣ ಆ ಸಾಲಿನದಲ್ಲ. ನಿನ್ನೆಯವರೆಗೆ ದೋಟಿ ಹಿಡಿದ ಕೈ, ಒಂದು ಎಳೆತಕ್ಕೆ ಬಿದ್ದಿದೆ. ದುಡಿಯುವ ವಯಸ್ಸು, ಬಲಗೈ, ಚೆನ್ನಾಗಿರುವ ಸ್ನಾಯು. ಇಂಥ ಹರಿತವನ್ನು ಆದಷ್ಟು ಬೇಗ, ಹೆಚ್ಚೆಂದರೆ ಮೂರು ನಾಲ್ಕು ತಿಂಗಳೊಳಗೆ ಹೊಲಿಯುವುದು ಒಳ್ಳೆಯದು. ಆರು ವಾರ ಆಗಲೇ ಕಳೆದಿತ್ತು.

ಅಡ್ಡ ಬಂದದ್ದು ಸಕ್ಕರೆ. ಎಚ್‌ಬಿಎ1ಸಿ 8.6. ಅದು ಹಿಂದಿನ ಎರಡು ಮೂರು ತಿಂಗಳ ಸರಾಸರಿ, ಇಳಿಯಲೂ ಅಷ್ಟೇ ಕಾಲ ಬೇಕು. ಅಷ್ಟು ಕಾದರೆ ಕಫ್ ಕೈತಪ್ಪುತ್ತದೆ, ಕಾಯದಿದ್ದರೆ ಸೋಂಕು, ಅಂಟದಿರುವ ಭಯ. ಇಲ್ಲಿ ಮಾಡಿದ್ದು ನಡುದಾರಿ: ಎಚ್‌ಬಿಎ1ಸಿ ಅಂಕಿಯನ್ನು ಕಾಯದೆ ದಿನದಿನದ ಸಕ್ಕರೆಯನ್ನು ಹಿಡಿತಕ್ಕೆ ತರುವುದು. ಮೂರು ವಾರ ರಾತ್ರಿಗೊಂದು ಇನ್ಸುಲಿನ್, ಮನೆಯಲ್ಲೇ ಗ್ಲುಕೋಮೀಟರ್. ಖಾಲಿ ಹೊಟ್ಟೆಯ ಸಕ್ಕರೆ ಸತತ ಒಂದು ವಾರ 130ರ ಆಸುಪಾಸಿನಲ್ಲಿ ನಿಂತ ಮೇಲೆ ದಿನ ಗೊತ್ತು ಮಾಡಲಾಯಿತು. ಬೀಡಿ ಅಂದೇ ನಿಲ್ಲಿಸಬೇಕೆಂದು ಹೇಳಿದ್ದಕ್ಕೆ ಕಾರಣ ಬರೀ ಶ್ವಾಸಕೋಶವಲ್ಲ. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಬಿಗಿಯುತ್ತದೆ, ಮೊದಲೇ ರಕ್ತ ಕಡಿಮೆಯಿರುವ ರಜ್ಜಿನ ತುದಿ ಮೂಳೆಗೆ ಅಂಟುವುದು ತಡವಾಗುತ್ತದೆ.

ಖರ್ಚಿನ ಮಾತೂ ಮೊದಲೇ ಆಗಬೇಕು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯಿದೆ. ಕೌಂಟರಿನಲ್ಲಿ ಎರಡು ಪ್ರಶ್ನೆ ಕೇಳಿ: ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕೇ? ಹೊಲಿಗೆ ದಾರ ಹಿಡಿಯಲು ಮೂಳೆಗೆ ಕೂರಿಸುವ ಸಣ್ಣ ಮೊಳೆಗಳ, ಅಂದರೆ ಆಂಕರ್‌ಗಳ ಬೆಲೆ ಪ್ಯಾಕೇಜಿನಲ್ಲಿ ಸೇರಿದೆಯೇ? ಬಿಲ್ಲನ್ನು ಏರಿಸುವುದು ಈ ಆಂಕರ್‌ಗಳೇ.

ಒಂಬತ್ತನೇ ವಾರದ ಶಸ್ತ್ರಚಿಕಿತ್ಸೆ

ಹಿಂದಿನ ಎರಡು ದಿನ ರಾತ್ರಿ, ಆ ದಿನ ಬೆಳಿಗ್ಗೆ ಭುಜಕ್ಕೂ ಕಂಕುಳಿಗೂ 5 ಶೇಕಡಾ ಬೆಂಜಾಯ್ಲ್ ಪೆರಾಕ್ಸೈಡ್ ಜೆಲ್. ಮೊಡವೆಗೆ ಹಚ್ಚುವ ಔಷಧವೇ ಇದು. ಭುಜದ ಶಸ್ತ್ರಚಿಕಿತ್ಸೆಯಲ್ಲಿ ಸೋಂಕು ತರುವ ಕ್ಯೂಟಿಬ್ಯಾಕ್ಟೀರಿಯಂ ಚರ್ಮದ ರೋಮಕೂಪದಲ್ಲಿ ವಾಸಿಸುತ್ತದೆ, ಸಾಬೂನಿಗೆ ಸುಲಭಕ್ಕೆ ಹೋಗುವುದಿಲ್ಲ. ಮನೆಯಲ್ಲಿ ಬ್ಲೇಡಿನಿಂದ ಕಂಕುಳು ಬೋಳಿಸಿಕೊಂಡು ಬರಬಾರದು. ಕಣ್ಣಿಗೆ ಕಾಣದ ಗೀರುಗಳೇ ಸೋಂಕಿಗೆ ಬಾಗಿಲು.

ಪೂರ್ಣ ಅರಿವಳಿಕೆಯ ಜೊತೆ ಕತ್ತಿನ ಬುಡದಲ್ಲಿ ನರಕ್ಕೆ ಮರಗಟ್ಟಿಸುವ ಇಂಜೆಕ್ಷನ್. ನಾಲ್ಕು ಸಣ್ಣ ತೂತು, ಕ್ಯಾಮೆರಾ. ಹಿಂಸರಿದ ರಜ್ಜಿನ ಸುತ್ತಲಿನ ಅಂಟುಗಳನ್ನು ಬಿಡಿಸಿದ ಮೇಲೆ ಅದು ಎಳೆತವಿಲ್ಲದೆ ತನ್ನ ಜಾಗಕ್ಕೆ ಬಂತು. ಮೂಳೆಯ ಮೇಲ್ಮೈ ಕೆರೆದು ರಕ್ತ ಜಿನುಗಿಸಿ, ಒಳಸಾಲಿಗೆ ಎರಡು, ಹೊರಸಾಲಿಗೆ ಎರಡು ಆಂಕರ್ ಕೂರಿಸಿ, ದಾರಗಳನ್ನು ರಜ್ಜಿನ ಮೇಲೆ ಹಾಸಿ ಬಿಗಿಯಲಾಯಿತು. ಬೈಸೆಪ್ಸಿನ ಉದ್ದ ರಜ್ಜು ಊದಿತ್ತಾದರೂ ಹರಿದಿರಲಿಲ್ಲ, ಹಾಗೇ ಬಿಟ್ಟರು.

ಮರಗಟ್ಟಿಸುವ ಇಂಜೆಕ್ಷನ್ ಬಗ್ಗೆ ಒಂದು ಮಾತು. ಅದರ ಪರಿಣಾಮ ಅರ್ಧ ದಿನದಿಂದ ಒಂದು ದಿನದವರೆಗೆ ಇರುತ್ತದೆ. ಆ ಹೊತ್ತಿನಲ್ಲಿ ನೋವಿಲ್ಲವೆಂದು ಮಾತ್ರೆ ತೆಗೆದುಕೊಳ್ಳದೆ ಮಲಗಿದವರು ನಡುರಾತ್ರಿ ಒದ್ದಾಡುತ್ತಾರೆ. ಬೆರಳ ತುದಿಯಲ್ಲಿ ಜುಮ್ಮು ಶುರುವಾದಾಗಲೇ ಮೊದಲ ಮಾತ್ರೆ ನುಂಗಬೇಕು. ಆ ಬದಿಯ ವಪೆಯೂ (ಎದೆಗೂ ಹೊಟ್ಟೆಗೂ ನಡುವಿನ ಉಸಿರಾಟದ ಸ್ನಾಯು) ತಾತ್ಕಾಲಿಕವಾಗಿ ಸುಮ್ಮನಾಗುವುದರಿಂದ ಉಸಿರು ಸ್ವಲ್ಪ ಸಾಲದಂತೆ ಅನ್ನಿಸಬಹುದು, ಒರಗಿ ಕೂತರೆ ಸರಿಹೋಗುತ್ತದೆ. ಇವರಿಗೆ ಪ್ಯಾರಾಸಿಟಮಾಲ್ 650 ಮಿಲಿಗ್ರಾಂ ದಿನಕ್ಕೆ ಮೂರು ಸಲ. ಉರಿಯೂತದ ಮಾತ್ರೆಯನ್ನು ಕ್ರಿಯಾಟಿನಿನ್ (ಮೂತ್ರಪಿಂಡದ ಸ್ಥಿತಿ ತಿಳಿಸುವ ರಕ್ತಪರೀಕ್ಷೆ) ನೋಡಿ ಐದು ದಿನಕ್ಕಷ್ಟೇ ಕೊಟ್ಟರು. ಸಕ್ಕರೆ ಕಾಯಿಲೆಯವರ ಮೂತ್ರಪಿಂಡಕ್ಕೆ ಅಂಗಡಿಯಿಂದ ತಂದು ತಿಂಗಳುಗಟ್ಟಲೆ ನುಂಗುವ ಡೈಕ್ಲೊಫೆನಾಕ್ ಬಹಳ ಕೆಟ್ಟದು.

ಹೊಲಿದ ಮೇಲಿನ ಆರು ತಿಂಗಳು

ಹೊಲಿಗೆ ರಜ್ಜನ್ನು ಮೂಳೆಯ ಹತ್ತಿರ ಹಿಡಿದಿಟ್ಟಿರುತ್ತದೆ ಅಷ್ಟೇ. ಅಂಟಿಸುವುದು ದೇಹ. ಅದಕ್ಕೆ ಕನಿಷ್ಠ ಮೂರು ತಿಂಗಳು. ನೋವು ಹೋಗುವುದು ಅದಕ್ಕೂ ಬಹಳ ಮೊದಲು. ತೊಂದರೆಯಾಗುವುದು ಈ ಎರಡರ ನಡುವಿನ ವಾರಗಳಲ್ಲಿ.

ಮೊದಲ ಆರು ವಾರ ಪಕ್ಕೆಗೆ ಸಣ್ಣ ದಿಂಬಿರುವ ಕೈಜೋಳಿಗೆ, ಹಗಲೂ ರಾತ್ರಿ. ಎಚ್ಚರಿರುವಾಗ ಗಂಟೆಗೊಮ್ಮೆ ಬೆರಳು, ಮಣಿಕಟ್ಟು, ಮೊಣಕೈ ಹತ್ತು ಹತ್ತು ಸಲ. ಮಲಗುವುದು ಚಪ್ಪಟೆಯಾಗಿ ಅಲ್ಲ, ಬೆನ್ನಿಗೆ ಎರಡು ಮೂರು ದಿಂಬು ಕೊಟ್ಟು ಅರ್ಧ ಒರಗಿ, ಮೊಣಕೈ ಕೆಳಗೆ ಮಡಚಿದ ಕಂಬಳಿ. ಮೊಣಕೈ ಹಿಂದಕ್ಕೆ ಜೋತುಬಿದ್ದರೆ ಹೊಲಿಗೆ ಎಳೆಯುತ್ತದೆ, ರಾತ್ರಿ ನೋವಿಗೆ ಬಹುತೇಕ ಅದೇ ಕಾರಣ. ಅಂಗಿ ಹಾಕುವಾಗ ನೋವಿನ ಕೈ ಮೊದಲು ಒಳಗೆ, ತೆಗೆಯುವಾಗ ಅದೇ ಕೊನೆಗೆ. ಕಂಕುಳು ತೊಳೆಯಲು ಕೈ ಎತ್ತಬಾರದು. ಸೊಂಟದಿಂದ ಮುಂದಕ್ಕೆ ಬಾಗಿದರೆ ಕೈ ತಾನೇ ಜೋತು ಜಾಗ ಬಿಡುತ್ತದೆ.

ಎರಡನೇ ವಾರದಿಂದ ಅದೇ ಬಾಗಿದ ಭಂಗಿಯಲ್ಲಿ ಲೋಲಕದಂತೆ ಕೈ ತೂಗಿಸುವುದು. ಬೋಸ್ಟನ್ನಿನ ಶಸ್ತ್ರವೈದ್ಯ ಕಾಡ್‌ಮನ್ ಹೆಸರಿನಲ್ಲಿ ಕರೆಯುವ ಈ ವ್ಯಾಯಾಮವನ್ನು ಹೆಚ್ಚಿನವರು ತಪ್ಪಾಗಿ ಮಾಡುತ್ತಾರೆ, ಭುಜದ ಬಲದಿಂದ ಕೈ ತಿರುಗಿಸುತ್ತಾರೆ. ತೂಗಬೇಕಾದ್ದು ಸೊಂಟ. ಕೈ ಸತ್ತ ಹಗ್ಗದಂತೆ ಅದರ ಹಿಂದೆ ಬರಬೇಕು. ಮಲಗಿಸಿ ಬೇರೆಯವರು ಎತ್ತುವುದನ್ನು ಇಲ್ಲಿ ಹೆಂಡತಿ ಕಲಿತರು: ಒಂದು ಕೈ ಮೊಣಕೈ ಕೆಳಗೆ, ಒಂದು ಮಣಿಕಟ್ಟಿನಲ್ಲಿ, ನಾಲ್ಕನೇ ವಾರದವರೆಗೆ 90 ಡಿಗ್ರಿ, ಆರನೆಯದಕ್ಕೆ 120. ಹೊರಕ್ಕೆ ತಿರುಗಿಸುವುದು 30 ದಾಟಬಾರದು. ಕೈಯನ್ನು ಬೆನ್ನ ಹಿಂದೆ ಒಯ್ಯುವುದು ಮೂರು ತಿಂಗಳು ಬೇಡ. ಆ ಚಲನೆ ಹೊಲಿದ ಜಾಗವನ್ನೇ ಹಿಂಡುತ್ತದೆ.

ಆರು ವಾರಕ್ಕೆ ಜೋಳಿಗೆ ತೆಗೆದ ಮೇಲೆ ಕೋಲು. ಎರಡೂ ಕೈಯಲ್ಲಿ ಹಿಡಿದು, ಎಡಗೈ ಬಲದಿಂದ ಬಲಗೈಯನ್ನು ಮೇಲಕ್ಕೆ ಒಯ್ಯುವುದು. ಮೇಜಿನ ಮೇಲೆ ಬಟ್ಟೆ ಹಾಸಿ ಅಂಗೈ ಜಾರಿಸುವುದು. ಜಂತಿಗೆ ಗಡಗಡೆ ಕಟ್ಟಿ ಹಗ್ಗದ ಎರಡು ತುದಿ ಹಿಡಿಯುವುದು. ಎತ್ತಬಹುದಾದ ಭಾರ: ಚಹದ ಲೋಟ, ಮೊಣಕೈ ಪಕ್ಕೆಗೆ ತಾಗಿದ್ದಾಗ ಮಾತ್ರ.

ಸೆಪ್ಟೆಂಬರ್ ಕೊನೆಗೆ ಹೊಲಿದ ಭುಜಕ್ಕೆ ಒಂಬತ್ತನೇ ವಾರ ಬಂದದ್ದು ಡಿಸೆಂಬರ್ ಮೊದಲಲ್ಲಿ. ಕೊನೆಕೊಯ್ಲು ಬಿರುಸಾಗಿದ್ದ ಹೊತ್ತು. ಅಂಗಳದಲ್ಲಿ ಸುಲಿದು ಬೇಯಿಸಿದ ಅಡಿಕೆ, ಚೊಗರು ಬಸಿದ ಬುಟ್ಟಿಗಳು, ಅಟ್ಟದ ಮೇಲೆ ಹರವಲು ಆಳು ಸಾಲದು. ನೋವು ಎರಡು ವಾರದಿಂದ ಇರಲೇ ಇಲ್ಲ. ಒಂದು ಬುಟ್ಟಿ ಎತ್ತಿ ಅಟ್ಟಕ್ಕೆ ಸುರಿದರು. ಒಂದೇ ಒಂದು. ಆ ರಾತ್ರಿಯಿಂದ ಮೂರು ದಿನ ರಟ್ಟೆ ತುಂಬ ನೋವು, ಕೋಲಿನಿಂದ 140ಕ್ಕೆ ಏರುತ್ತಿದ್ದ ಕೈ ನೂರಕ್ಕಿಳಿಯಿತು. ಅಲ್ಟ್ರಾಸೌಂಡಿನಲ್ಲಿ ಹೊಲಿಗೆ ಉಳಿದಿತ್ತು. ಒಂದು ವಾರ ಮತ್ತೆ ಜೋಳಿಗೆ, ಎರಡು ವಾರ ಹಿಂದಿನ ಹಂತಕ್ಕೆ. ಎಲ್ಲರ ಹೊಲಿಗೆಯೂ ಹೀಗೆ ಉಳಿಯುವುದಿಲ್ಲ. ಮತ್ತೆ ಹರಿಯುವವುಗಳಲ್ಲಿ ಹೆಚ್ಚಿನವು ಹರಿಯುವುದು ಈ ಮೊದಲ ಆರು ತಿಂಗಳಲ್ಲೇ. ಇಂಥ ಮನೆಗೆ “ಭಾರ ಎತ್ತಬೇಡಿ” ಎಂದರೆ ಸಾಲದು, “ಕೊನೆಕೊಯ್ಲು ಮುಗಿಯುವವರೆಗೆ ಅಟ್ಟದ ಹತ್ತಿರ ಹೋಗಬೇಡಿ, ಲೆಕ್ಕ ಬರೆದುಕೊಳ್ಳಿ” ಎಂದು ಹೆಸರಿಟ್ಟೇ ಹೇಳಬೇಕಿತ್ತು.

ಹದಿನಾಲ್ಕನೇ ವಾರದಿಂದ ಬಲ ಕಟ್ಟುವ ವ್ಯಾಯಾಮ. ಪಟ್ಟಿ ಕೊಳ್ಳಬೇಕೆಂದಿಲ್ಲ, ಹಳೆ ಸೈಕಲ್ ಟ್ಯೂಬಿನಿಂದ ಎರಡು ಬೆರಳು ಅಗಲಕ್ಕೆ ಕತ್ತರಿಸಿದ ಪಟ್ಟಿ ಸಾಕು. ಕಿಟಕಿ ಸರಳಿಗೆ ಸೊಂಟದ ಮಟ್ಟದಲ್ಲಿ ಕಟ್ಟಿ, ಕಂಕುಳಿನ ಕೆಳಗೆ ಸುತ್ತಿದ ಟವೆಲ್ ಇಟ್ಟು, ಮೊಣಕೈ ಮಡಚಿ ಮುಂಗೈಯನ್ನು ಹೊರಕ್ಕೆ ಎಳೆಯುವುದು. ಟವೆಲ್ ಬಿದ್ದರೆ ಮೊಣಕೈ ಪಕ್ಕೆ ಬಿಟ್ಟಿದೆ, ಕಫ್ ಬದಲು ಡೆಲ್ಟಾಯ್ಡ್ ಕೆಲಸ ಮಾಡುತ್ತಿದೆ ಎಂದರ್ಥ. ಎರಡು ಸೆಕೆಂಡಿಗೆ ಹೊರಗೆ, ನಾಲ್ಕು ಸೆಕೆಂಡಿಗೆ ನಿಧಾನ ಒಳಗೆ. ಹನ್ನೆರಡು ಸಲದ ಮೂರು ಸುತ್ತು, ದಿನ ಬಿಟ್ಟು ದಿನ. ಇದೇ ಪಟ್ಟಿಯಲ್ಲಿ ಒಳಕ್ಕೆ ಎಳೆಯುವುದು, ಬಾವಿ ಹಗ್ಗದಂತೆ ಹಿಂದಕ್ಕೆ ಎಳೆದು ಹೆಗಲೆಲುಬುಗಳನ್ನು ಹತ್ತಿರ ತರುವುದು. ಮಾಡುವಾಗ ನೋವು ಹತ್ತಕ್ಕೆ ಮೂರರೊಳಗಿರಬೇಕು, ಮರುದಿನ ಬೆಳಿಗ್ಗೆಗೆ ಇಳಿದಿರಬೇಕು. ಇಳಿಯದಿದ್ದರೆ ಸುತ್ತು ಕಡಿಮೆ ಮಾಡಬೇಕು, ಪೂರ್ತಿ ಬಿಡಬಾರದು. ಪಕ್ಕಕ್ಕೆ ಮಲಗಿ ಅರ್ಧ ಲೀಟರ್ ನೀರಿನ ಬಾಟಲಿ ಎತ್ತುವುದು ಐದನೇ ತಿಂಗಳಿಗೆ. ಕೂತು ಮೆಟ್ಟುಗತ್ತಿಯಲ್ಲಿ ಅಡಿಕೆ ಸುಲಿಯುವುದಕ್ಕೆ ಆಗಲೇ ಒಪ್ಪಿಗೆ ಸಿಕ್ಕಿತು.

ಮತ್ತೆ ದೋಟಿ

ದೋಟಿ ಹಗುರ, ಹೀಗಾಗಿ ಭುಜಕ್ಕೆ ಸುಲಭ ಎಂಬ ಮಾತಿದೆ. ನೆಟ್ಟಗೆ ನಿಂತಾಗ ಅದು ನಿಜ. ಲೆಕ್ಕ ಹೀಗೆ: 5 ಕಿಲೋ ದೋಟಿ, ಅದರ ಭಾರಕೇಂದ್ರ ಬುಡದಿಂದ 7 ಮೀಟರ್ ಎಂದಿಟ್ಟುಕೊಳ್ಳಿ. ಬರೀ 10 ಡಿಗ್ರಿ ವಾಲಿದರೆ ಭಾರಕೇಂದ್ರ ಬುಡದಿಂದ 1.2 ಮೀಟರ್ ಹೊರಗೆ ಹೋಗುತ್ತದೆ. ಒಂದು ಕೈ ಬುಡದಲ್ಲಿ, ಇನ್ನೊಂದು ಅದರಿಂದ 60 ಸೆಂಟಿಮೀಟರ್ ಮೇಲಿದ್ದರೆ, ಆ ಮೇಲಿನ ಕೈ ಅಡ್ಡಲಾಗಿ 10 ಕಿಲೋ ತಡೆಯಬೇಕು. ಗಾಳಿ ಬೀಸಿದರೆ, ಕಾಲು ಜಾರಿ ಒಮ್ಮೆಲೇ ವಾಲಿದರೆ ಇದಕ್ಕಿಂತ ಎಷ್ಟೋ ಹೆಚ್ಚು. ಕೈಗಳ ಅಂತರವನ್ನು 1.2 ಮೀಟರಿಗೆ ಹಿಗ್ಗಿಸಿದರೆ ಅದೇ ವಾಲಿಗೆ 5 ಕಿಲೋ ಸಾಕು. ಬುಡ ನೆಲಕ್ಕೆ ಊರಿದ್ದು ಹಿಡಿದ ಕೈ ಎದೆಯ ಮಟ್ಟದಲ್ಲಿದ್ದರೂ ಹೆಚ್ಚುಕಡಿಮೆ ಅಷ್ಟೇ.

ಇದರಿಂದ ಬದಲಾಯಿಸಿದ್ದು ಕೆಲವು. ಮರಗಳ ನಡುವಿನ ಒಂಬತ್ತು ಅಡಿ ದಾಟುವಾಗ ಎರಡು ಮೂರು ತುಂಡು ಒಳಸರಿಸಿ ದೋಟಿ ಮೋಟಾಗಿಸುವುದು, ನಿಧಾನವಾದರೂ ಸರಿ. ಕಾಲುವೆ ಅಂಚಿನ ಮರಗಳಿಗೆ ಇಬ್ಬರು. ವಾಲಿ ಕೈಮೀರಿದ ದೋಟಿಯನ್ನು ಹಿಡಿಯಲು ಹೋಗದೆ, ಆ ದಿಕ್ಕಿನಲ್ಲಿ ಯಾರೂ ನಿಲ್ಲದಂತೆ ಮೊದಲೇ ನೋಡಿಕೊಂಡು, ಕೂಗಿ ಬಿಟ್ಟುಬಿಡುವುದು. ಮದ್ದು ಹೊಡೆಯುವಾಗ ಕೈ ಎದೆ ಮಟ್ಟ ಮೀರದಂತೆ ದೋಟಿಯ ಉದ್ದವನ್ನೇ ಹೊಂದಿಸುವುದು. ಇಪ್ಪತ್ತು ನಿಮಿಷಕ್ಕೊಮ್ಮೆ ಹಿಡಿತ ಬದಲು. ಆರನೇ ತಿಂಗಳಲ್ಲಿ ಅರ್ಧ ಉದ್ದದ ದೋಟಿ, ದಿನಕ್ಕೆ ಹದಿನೈದು ನಿಮಿಷ. ಮುಂದಿನ ಜೂನ್ ಮೊದಲ ಮದ್ದಿಗೆ ಪೂರ್ತಿ ಉದ್ದ, ಅರ್ಧ ದಿನದ ಕೆಲಸ. ಅಷ್ಟು ಹೊತ್ತಿಗೆ ಹೊಲಿದು ಎಂಟು ತಿಂಗಳು ಕಳೆದಿತ್ತು.

ಒಂದು ವರ್ಷಕ್ಕೆ ಕೈ ತಾನಾಗಿ 155 ಡಿಗ್ರಿ ಏಳುತ್ತದೆ, ಹೊರತಿರುಗು 50. ಬಲ ಎಡಗೈಗಿಂತ ತುಸು ಕಡಿಮೆ. ಅಲ್ಟ್ರಾಸೌಂಡಿನಲ್ಲಿ ರಜ್ಜು ಮೂಳೆಗೆ ಕೂತಿದೆ, ಸ್ವಲ್ಪ ತೆಳುವಾಗಿ. ಬೆನ್ನ ಹಿಂದೆ ಕೈ ಒಯ್ದರೆ ಎಡಕ್ಕಿಂತ ಒಂದು ಅಂಗೈ ಕೆಳಗೇ ನಿಲ್ಲುತ್ತದೆ, ಅದು ಹಾಗೇ ಉಳಿಯಬಹುದು. ಎಚ್‌ಬಿಎ1ಸಿ 7.1. ಕಿಟಕಿ ಸರಳಿಗೆ ಕಟ್ಟಿದ ಟ್ಯೂಬ್ ಇನ್ನೂ ಅಲ್ಲೇ ಇದೆ, ವಾರಕ್ಕೆ ಮೂರು ದಿನ ಎಳೆಯುತ್ತಾರೆ. ಆ ಸಲದ ಎರಡನೇ ಮದ್ದಿಗೆ ಕಾಲುವೆ ಅಂಚಿನ ಸಾಲು ಬಂದಾಗ ದೋಟಿಯನ್ನು ಮಗನ ಕೈಗೆ ಕೊಟ್ಟು, ತಾವು ಪೈಪು ಹಿಡಿದು ನಿಂತರು.